ಮೈಲಿಯ ಬಾಬ್ತು

ಯೂಯಿಗ್ ಬಂದರಿನ ಸಾಲಿನಲ್ಲಿ ನಮ್ಮ ಕಾರು ಒಂಬತ್ತನೆಯದು. ಮುಂದೆ ಕುರಿ ತುಂಬಿದ ಗಾಡಿ, ಅದರ ಮುಂದೆ ಬ್ರೆಡ್ಡಿನ ಲಾರಿ, ಎಲ್ಲಕ್ಕೂ ಮುಂದೆ ಹಳದಿ ಬಣ್ಣದ ಆಂಬುಲೆನ್ಸ್. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಬಡಗಣ ತುದಿ ಅದು. ಹಡಗು ದಕ್ಕೆಗೆ ಬಂದು ಮೂತಿಯನ್ನೇ ಮೇಲೆತ್ತಿ ಬಾಯಿ ತೆರೆಯಿತು. ಕುರಿ, ಬ್ರೆಡ್ಡು, ಆಂಬುಲೆನ್ಸ್, ನಾವು, ಒಬ್ಬರ ಹಿಂದೆ ಒಬ್ಬರು ಅದರ ಹೊಟ್ಟೆಯೊಳಗೆ ಇಳಿದೆವು. ನನಗೆ ಊರಿನ ಹೊಳೆಬಾಗಿಲಿನ ಲಾಂಚ್ ನೆನಪಾಗಿ ಗಂಟಲು ಕಟ್ಟಿತು.

ನಾನು ಶರಾವತಿ ಹಿನ್ನೀರಿನ ಆಚೆ ದಡದವಳು. ಲಿಂಗನಮಕ್ಕಿಯಲ್ಲಿ ನೀರು ನಿಂತ ಮೇಲೆ ನಮ್ಮ ಹಳ್ಳಿಗಳಿಗೂ ಸಾಗರ ಪೇಟೆಗೂ ನಡುವೆ ಲಾಂಚ್ ಬಂತು. ಒಂದು ಮಳೆಗಾಲದ ರಾತ್ರಿ ಸೋದರತ್ತೆಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಕಂಬಳಿಯ ಜೋಲಿ ಕಟ್ಟಿ, ಲಾಟೀನು ಹಿಡಿದು ದಡಕ್ಕೆ ಹೊತ್ತು ತಂದರು. ಲಾಂಚ್ ಇದ್ದದ್ದು ಬೆಳಿಗ್ಗೆಗೆ. ಬೆಳಗಾಗುವ ಹೊತ್ತಿಗೆ ದಾಟಿಸಬೇಕಾದವರು ಯಾರೂ ಉಳಿದಿರಲಿಲ್ಲ. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ಆಯಿತು. ಅದರ ಮೇಲೆ ಮೊದಲ ಸಲ ಹೋದಾಗ ನಾನು ಬಸ್ಸಿನ ಕಿಟಕಿಯಿಂದ ಕೆಳಗಿನ ನೀರನ್ನೇ ನೋಡುತ್ತಿದ್ದೆ.

ಇನ್ವರ್ನೆಸ್ಸಿನಲ್ಲಿ ಡಾಕ್ಟರಾಗಿರುವ ತಂಗಿಯ ಮಗಳು ರಜೆ ಹಾಕಿ ನನ್ನನ್ನು ಈ ದ್ವೀಪಗಳಿಗೆ ಕರೆದುಕೊಂಡು ಹೊರಟಿದ್ದಳು. ಸುಮಾರು 200 ಕಿಲೋಮೀಟರ್ ದಾರಿಯುದ್ದಕ್ಕೂ ಬೋಳು ಬೆಟ್ಟ, ಕಪ್ಪು ಕೊಳ, ಮತ್ತೆ ಬೋಳು ಬೆಟ್ಟ. ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇಲ್ಲಿಯವರಿಗೆ ರಾತ್ರಿ ಹೊಟ್ಟೆನೋವು ಬಂದರೆ ಏನು ಮಾಡುತ್ತಾರೆ?

"ಹೇಳ್ತೀನಿ ದೊಡ್ಡಮ್ಮ, ಆದ್ರೆ ನೂರು ವರ್ಷದ ಹಿಂದಿನಿಂದ ಹೇಳ್ಬೇಕು," ಅಂದಳು.

ಹಡಗಿನ ಅಟ್ಟದ ಮೇಲೆ ಚಳಿಗಾಳಿಗೆ ಶಾಲು ಹೊದ್ದು ಕೇಳಿದ ಆ ಕಥೆ ನನ್ನನ್ನು ಇನ್ನೂ ಬಿಟ್ಟಿಲ್ಲ. 1911ರಲ್ಲಿ ಬ್ರಿಟನ್ನಿನಲ್ಲಿ ಲಾಯ್ಡ್ ಜಾರ್ಜ್ ರಾಷ್ಟ್ರೀಯ ವಿಮೆಯ ಕಾಯ್ದೆ ತಂದರು. ಕೂಲಿಯವನದು ನಾಲ್ಕು ಪೆನ್ನಿ, ಧಣಿಯದು ಮೂರು, ಸರ್ಕಾರದ್ದು ಎರಡು. ಕಾಯಿಲೆ ಬಿದ್ದರೆ ಕೂಲಿಯವನಿಗೆ ಡಾಕ್ಟರು. ಆದರೆ ಈ ಉತ್ತರದ ಬೆಟ್ಟ ಮತ್ತು ದ್ವೀಪಗಳಲ್ಲಿ ಧಣಿ ಎಲ್ಲಿ, ಕೂಲಿ ಎಲ್ಲಿ? ಇಲ್ಲಿದ್ದವರು ಕ್ರಾಫ್ಟರುಗಳು. ತುಂಡು ಗೇಣಿ ಜಮೀನು, ನಾಲ್ಕು ಕುರಿ, ಒಂದಿಷ್ಟು ಮೀನು, ಚಳಿಗೆ ಉರಿಸಲು ಜೌಗಿನಿಂದ ಕಡಿದು ಒಣಗಿಸಿದ ಪೀಟ್ ಮಣ್ಣು. ಕೈಯಲ್ಲಿ ನಗದು ಇಲ್ಲದವರ ಹೆಸರು ವಿಮೆಯ ಪಟ್ಟಿಗೆ ಸೇರುವುದಾದರೂ ಹೇಗೆ? 1912ರಲ್ಲಿ ಸರ್ ಜಾನ್ ಡ್ಯೂಯರ್ ಎಂಬ ಸಂಸದರ ನೇತೃತ್ವದಲ್ಲಿ ಸಮಿತಿಯೊಂದು ನೇಮಕವಾಯಿತು. ಡ್ಯೂಯರ್ ವಿಸ್ಕಿ ವ್ಯಾಪಾರದ ಮನೆತನದವರು. ಸಮಿತಿಯಲ್ಲಿದ್ದ ಟಲಿಬಾರ್ಡಿನ್ನಿನ ಮಾರ್ಷನೆಸ್ ಎಂಬ ಬಿರುದಿನವರು ಮುಂದೆ ಸ್ಕಾಟ್ಲೆಂಡಿನಿಂದ ಪಾರ್ಲಿಮೆಂಟಿಗೆ ಹೋದ ಮೊದಲ ಮಹಿಳೆಯಾದರು. ಡಾಕ್ಟರು, ಪಾದ್ರಿ, ಮೇಷ್ಟ್ರು, ಹೀಗೆ ನೂರಾರು ಜನರ ಮಾತು ಕೇಳಿ, ಆ ವರ್ಷ ಮುಗಿಯುವ ಮೊದಲೇ ಸಮಿತಿ ವರದಿ ಕೊಟ್ಟಿತು. ಡಾಕ್ಟರನ್ನೇ ಕಾಣದೆ ಸತ್ತವರು, ಸಾವಿನ ಕಾರಣ ಬರೆಯಲೂ ಯಾರೂ ಇಲ್ಲದ ಊರುಗಳು, ದೋಣಿಯ ಬಾಡಿಗೆ ಕೊಡಲಾಗದೆ ಡಾಕ್ಟರಿಗೆ ಹೇಳಿಕಳಿಸದವರು, ಎಲ್ಲವೂ ಅದರಲ್ಲಿದ್ದವು.

ಮರುವರ್ಷ, 1913ರಲ್ಲಿ, ಹೈಲ್ಯಾಂಡ್ಸ್ ಎಂಬ ಈ ಬೆಟ್ಟಸೀಮೆ ಮತ್ತು ದ್ವೀಪಗಳ ವೈದ್ಯಕೀಯ ಸೇವೆಗೆಂದೇ ವರ್ಷಕ್ಕೆ 42,000 ಪೌಂಡ್ ಸರ್ಕಾರಿ ಅನುದಾನ ಮಂಜೂರಾಯಿತು. ಡಾಕ್ಟರಿಗೆ ಕನಿಷ್ಠ ಆದಾಯದ ಭರವಸೆ ಸಿಕ್ಕಿತು. ಮನೆಗೆ, ದೋಣಿಗೆ, ಮೋಟಾರಿಗೆ ನೆರವು ಬಂತು. ರೋಗಿಯ ಮನೆ ಎರಡು ಮೈಲಿ ದೂರವಿರಲಿ, ಇಪ್ಪತ್ತು ಮೈಲಿ ದೂರವಿರಲಿ, ರೋಗಿ ಕೊಡಬೇಕಾದದ್ದು ಒಂದೇ ಸಣ್ಣ ಶುಲ್ಕ. ದಾರಿಯ ಖರ್ಚು ಸರ್ಕಾರದ್ದು.

ನಾನು ಅವಳನ್ನು ತಡೆದು ಮತ್ತೊಮ್ಮೆ ಹೇಳಿಸಿದೆ. ಮೈಲಿಯ ಖರ್ಚು ಸರ್ಕಾರದ್ದು! ದೂರ ಎಂದರೆ ಹಣೆಬರಹ ಎಂದು ನಾವು ಅಂದುಕೊಂಡಿದ್ದೆವು. ಅತ್ತೆಯ ಸಾವನ್ನು ಮನೆಯಲ್ಲಿ ಎಲ್ಲರೂ 'ಹೊಳೆ ಅಡ್ಡ ಬಂತು' ಎಂದೇ ಹೇಳುತ್ತಿದ್ದರು. ಹೊಳೆಯನ್ನೂ ಖರ್ಚಿನ ಒಂದು ಬಾಬ್ತು ಮಾಡಿ, ಅದನ್ನು ಎಲ್ಲರ ಬೊಕ್ಕಸದಿಂದ ತುಂಬಿಕೊಡಬಹುದು ಎಂದು ಯಾರೋ ಕೂತು ಯೋಚಿಸಿದ್ದರು. ನನ್ನ ಅಜ್ಜ ಹುಟ್ಟುವ ಮೊದಲೇ!

1929ರ ಹೊತ್ತಿಗೆ ಈ ಸೇವೆಯಲ್ಲಿ 160 ಡಾಕ್ಟರುಗಳು, 175 ನರ್ಸುಗಳು ಇದ್ದರು. ಬ್ರಿಟನ್ನಿನ ಪ್ರಸಿದ್ಧ ರಾಷ್ಟ್ರೀಯ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾದದ್ದು 1948ರ ಜುಲೈ 5ರಂದು. ಮೂವತ್ತೈದು ವರ್ಷ ಮೊದಲೇ ಅದರ ಬೀಜ ಬಿದ್ದದ್ದು ಈ ಬಡ ನೆಲದಲ್ಲಿ. ಊರೆಲ್ಲ ಹುಡುಕಿದರೂ ಒಂದು ಮರ ಸಿಗದ ಈ ನೆಲದಲ್ಲಿ ಎಂತಹ ಬೆಳೆ!

ಹಡಗು ನಮ್ಮನ್ನು ಇಳಿಸಿದ ಉತ್ತರ ಯೂಯಿಸ್ಟ್ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಆ ಸಂಜೆ ಮೋಡ ಹರಿಯಿತು. ಕಡಲಂಚಿನಲ್ಲಿ ಹಲ್ಲಿನಂತೆ ಚೂಪಾದ ನೆರಳು ಕಾಣಿಸಿತು. "ಸೇಂಟ್ ಕಿಲ್ಡಾ," ಅಂದಳು ಹುಡುಗಿ. ಲೆಕ್ಕ ಸೋತ ದ್ವೀಪ ಅದು. ಅಲ್ಲಿಗೂ ಸರ್ಕಾರ ನರ್ಸನ್ನು ಕಳಿಸಿತ್ತು. ಕೊನೆಯ ದಿನಗಳಲ್ಲಿ ಅಲ್ಲಿದ್ದಾಕೆ ವಿಲಿಯಮಿನಾ ಬಾರ್ಕ್ಲೇ. ಆದರೆ ಚಳಿಗಾಲದಲ್ಲಿ ವಾರಗಟ್ಟಲೆ ದೋಣಿ ಹೋಗದ ಕಡಲದು. 1930ರ ಆರಂಭದಲ್ಲಿ ಅಲ್ಲಿಯ ಎಳೆಯ ಹೆಂಗಸೊಬ್ಬಳನ್ನು ಕಷ್ಟಪಟ್ಟು ಗ್ಲಾಸ್ಗೋಗೆ ಸಾಗಿಸಿದರೂ ಆಕೆ ಉಳಿಯಲಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಜನ ತಾವೇ ಅರ್ಜಿ ಬರೆದು, ನಮ್ಮನ್ನು ಇಲ್ಲಿಂದ ಒಯ್ಯಿರಿ ಎಂದರು. ಆಗಸ್ಟ್ 29ರಂದು 36 ಮಂದಿ ಹಡಗು ಹತ್ತಿದರು. ಸಾವಿರಾರು ವರ್ಷ ಮನುಷ್ಯರು ಬಾಳಿದ ದ್ವೀಪ ಖಾಲಿಯಾಯಿತು. ಹಿನ್ನೀರಿಗೆ ಮನೆ ಬಿಟ್ಟು ಹೊರಟವರ ಮೊಮ್ಮಗಳು ನಾನು. ಸೂರ್ಯ ಮುಳುಗುವ ತನಕ ಕಾರಿನ ಹತ್ತಿರ ಹೋಗಲು ಮನಸ್ಸಾಗಲಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ದ್ವೀಪದಿಂದ ದ್ವೀಪಕ್ಕೆ ಕಲ್ಲು ಒಡ್ಡಿನ ರಸ್ತೆ. ಎರಡೂ ಪಕ್ಕ ಸಮುದ್ರ, ನಡುವೆ ಒಂದೇ ಗಾಡಿ ಹೋಗುವಷ್ಟು ಜಾಗ. ಎದುರಿನವರು ನಿಂತು ಕೈಯೆತ್ತಿ ದಾರಿ ಬಿಡುತ್ತಾರೆ. ಬೆನ್‌ಬೆಕ್ಯುಲಾ ದ್ವೀಪದಲ್ಲಿ ಎರಡು ರಾತ್ರಿ ತಂಗಿದೆವು. ಮನೆಯೊಡತಿಯ ತಾಯಿ ಅಂಗಳದಾಚೆಯ ಪುಟ್ಟ ಮನೆಯಲ್ಲಿ ಒಬ್ಬರೇ ಇದ್ದರು. ತೊಂಬತ್ತು ದಾಟಿದ ಜೀವ, ಮಾತೆಲ್ಲ ಗೇಲಿಕ್. ಬೆಳಿಗ್ಗೆ ಒಬ್ಬ ಹೆಂಗಸು ಕಾರಿನಲ್ಲಿ ಬಂದು ಮೀಯಿಸಿ, ಬಟ್ಟೆ ತೊಡಿಸಿ, ಗಂಜಿ ಕುಡಿಸಿ ಹೋದಳು. ರಾತ್ರಿ ಮತ್ತೊಬ್ಬಳು ಬಂದು ಮಲಗಿಸಿದಳು. ಇವರನ್ನು ಕೇರರ್ ಎನ್ನುತ್ತಾರೆ. ದುಡ್ಡೆಷ್ಟು ಎಂದು ಕೇಳಿದ್ದಕ್ಕೆ ಮನೆಯೊಡತಿ ಏನೂ ಇಲ್ಲ ಎಂದು ತಲೆಯಾಡಿಸಿದಳು. ಸ್ಕಾಟ್ಲೆಂಡಿನಲ್ಲಿ 2002ರ ಜುಲೈಯಿಂದ 65 ದಾಟಿದವರಿಗೆ ಮೈಕೈ ಆರೈಕೆ ಉಚಿತ. ಬಡವರೇ ಆಗಿರಬೇಕೆಂದಿಲ್ಲ, ಆರೈಕೆ ಬೇಕು ಎಂದು ಕಂಡುಬಂದರೆ ಸಾಕು. 2019ರಿಂದ ಅದಕ್ಕಿಂತ ಚಿಕ್ಕವರಿಗೂ ಸಿಗುತ್ತಿದೆ. ಮರೆವಿನ ಕಾಯಿಲೆಯಿಂದ ತೀರಿಕೊಂಡ ಫುಟ್‌ಬಾಲ್ ಆಟಗಾರ ಫ್ರ್ಯಾಂಕ್ ಕೋಪೆಲ್ ಅವರ ಹೆಂಡತಿ ವರ್ಷಗಟ್ಟಲೆ ಹೋರಾಡಿ ತಂದ ಬದಲಾವಣೆ ಅದು. ಗಂಡನಿಗಾಗಿ ಶುರುಮಾಡಿದ ಹೋರಾಟವನ್ನು ಗಂಡ ಹೋದ ಮೇಲೂ ನಿಲ್ಲಿಸದ ಆ ತಾಯಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ರಾತ್ರಿಯ ಕೇರರ್ ಹೊರಡುವಾಗ ಬಾಗಿಲಲ್ಲಿ ನಿಂತು ಎರಡು ಮಾತಾಡಿದಳು. ಮೂವತ್ತು ಮೈಲಿಯೊಳಗೆ ಅವಳಿಗೆ ಆರು ಮನೆ. "ಗಂಟೆಗಳು ಮಂಜೂರಾಗಿವೆ, ಮಾಡೋ ಕೈಗಳಿಲ್ಲ," ಎಂದು ಬೇಸರಪಟ್ಟಳು. ಹುಡುಗ ಹುಡುಗಿಯರು ಗ್ಲಾಸ್ಗೋ ಸೇರುತ್ತಾರೆ. ಖಾಲಿ ಮನೆಗಳನ್ನು ರಜೆಗೆ ಬರುವವರು ಕೊಂಡುಕೊಳ್ಳುತ್ತಾರೆ. ಕೆಲಸಕ್ಕೆ ಬರಲು ಒಪ್ಪಿದವರಿಗೆ ಇರಲು ಮನೆ ಸಿಗುವುದಿಲ್ಲ. ನಾನೂ ಆ ದ್ವೀಪಕ್ಕೆ ರಜೆಗೆ ಬಂದವಳೇ ಅಲ್ಲವೇ ಎಂಬುದು ಆ ರಾತ್ರಿ ಮನಸ್ಸಿಗೆ ಚುಚ್ಚಿತು.

ದುಡ್ಡು ಹಂಚುವುದು ಹೇಗೆ ಎಂದು ಮರುದಿನ ದಾರಿಯಲ್ಲಿ ಕೇಳಿದೆ. ಇಡೀ ಸ್ಕಾಟ್ಲೆಂಡಿಗೆ ಪ್ರಾದೇಶಿಕ ಆರೋಗ್ಯ ಮಂಡಳಿಗಳು 14. ಬರೇ ತಲೆ ಎಣಿಸಿ ಹಂಚಿದರೆ ಈ ಪಶ್ಚಿಮ ದ್ವೀಪಗಳ 26,000 ಜನಕ್ಕೆ ಏನು ಸಿಕ್ಕೀತು? ಆದ್ದರಿಂದ ಸೂತ್ರದಲ್ಲಿ ತಲೆಯ ಜೊತೆಗೆ ವಯಸ್ಸು ಸೇರುತ್ತದೆ, ಬಡತನ ಮತ್ತು ರೋಗದ ಹೊರೆ ಸೇರುತ್ತದೆ, ದೂರದ ಊರಿಗೆ ಸೇವೆ ಒಯ್ಯುವ ಹೆಚ್ಚುವರಿ ಖರ್ಚೂ ಸೇರುತ್ತದೆ. ಡ್ಯೂಯರ್ ಕಾಲದ ಮೈಲಿ ಇನ್ನೂ ಲೆಕ್ಕದಲ್ಲಿ ಕೂತಿದೆ!

"ಇನ್ನೊಂದು ತೊಡಕಿತ್ತು ದೊಡ್ಡಮ್ಮ," ಅಂದಳು ಹುಡುಗಿ. ಆಸ್ಪತ್ರೆಯ ದುಡ್ಡು ಆರೋಗ್ಯ ಮಂಡಳಿಯ ಪೆಟ್ಟಿಗೆಯಲ್ಲಿ, ಮನೆ ಆರೈಕೆಯ ದುಡ್ಡು ಸ್ಥಳೀಯ ಕೌನ್ಸಿಲ್ಲಿನ ಪೆಟ್ಟಿಗೆಯಲ್ಲಿ. ಸೊಂಟ ಮುರಿದ ಅಜ್ಜಿ ಗುಣವಾದರೂ ಮನೆಗೆ ಕೇರರ್ ಕಳಿಸಲು ಆ ಪೆಟ್ಟಿಗೆ ತೆರೆಯುವ ತನಕ ಈ ಪೆಟ್ಟಿಗೆಯ ಹಾಸಿಗೆಯಲ್ಲೇ ಮಲಗಿರಬೇಕಿತ್ತು. ಇದನ್ನು ಬಿಡಿಸಲು 2012ರಲ್ಲಿ ಹೈಲ್ಯಾಂಡಿನಲ್ಲಿ ದೊಡ್ಡವರ ಆರೈಕೆಯನ್ನೆಲ್ಲ ಆರೋಗ್ಯ ಮಂಡಳಿಗೇ ಒಪ್ಪಿಸಿದರು. 2014ರಲ್ಲಿ ಎರಡನ್ನೂ ಕೂಡಿಸುವ ಕಾಯ್ದೆಯೇ ಬಂತು. ಹಾಸಿಗೆಗಳು ತಕ್ಷಣ ಖಾಲಿಯಾದವೇ? ಇಲ್ಲ, ಕೇರರ್ ಸಿಗದೆ ಕಾಯುವ ಅಜ್ಜಿಯರು ತನ್ನ ವಾರ್ಡಿನಲ್ಲೇ ಇದ್ದಾರೆ ಎಂದಳು. ಎರಡು ಪೆಟ್ಟಿಗೆ ಕೂಡಿಸಿದ ಮಾತ್ರಕ್ಕೆ ದುಡ್ಡು ಹೆಚ್ಚುವುದಿಲ್ಲ. ಆದರೂ ಅಜ್ಜಿ ಒಬ್ಬಳೇ ಎಂದು ಎರಡು ಕಚೇರಿಗಳು ಒಪ್ಪಿಕೊಂಡವಲ್ಲ, ನನಗೆ ಅದೇ ದೊಡ್ಡದಾಗಿ ಕಂಡಿತು.

ಎರಿಸ್ಕೇ ದ್ವೀಪದಿಂದ ಸಣ್ಣ ಹಡಗು ಹತ್ತಿ, ಮುಕ್ಕಾಲು ಗಂಟೆಯೊಳಗೆ ಬ್ಯಾರಾ ದ್ವೀಪದಲ್ಲಿ ಇಳಿದೆವು. ಕಾಸಲ್‌ಬೇ ಊರಿನಲ್ಲಿ ಕಡಲ ನಡುವಿನ ಬಂಡೆಯ ಮೇಲೆ ಕೋಟೆ. ದಡದಲ್ಲಿ ಪುಟ್ಟ ಆಸ್ಪತ್ರೆ, ಅದೇ ಸೂರಿನಡಿ ವೃದ್ಧರ ಆರೈಕೆ ಮನೆ. ಮರುದಿನ ನಾನೊಬ್ಬಳೇ ಗ್ಲಾಸ್ಗೋಗೆ ಹೊರಡಬೇಕಿತ್ತು. ವಿಮಾನ ನಿಲ್ದಾಣಕ್ಕೆ ಬಂದು ನೋಡಿದರೆ ರನ್‌ವೇ ಇಲ್ಲ! ಎದುರಿಗೆ ಟ್ರಾಯ್ ವೋರ್ ಎಂಬ ವಿಶಾಲ ಮರಳದಂಡೆ, ಮೇಲೆ ಚಿಪ್ಪಿನ ಬಿಳುಪು. ಸಮುದ್ರ ಇಳಿದಾಗ ಅದೇ ರನ್‌ವೇ, ಉಬ್ಬರದಲ್ಲಿ ಎಲ್ಲ ನೀರಿನಡಿ. ವಿಮಾನದ ವೇಳಾಪಟ್ಟಿ ಬರೆಯುವುದು ಚಂದ್ರ. ಹೀಗೆ 1936ರಿಂದ ನಡೆದಿದೆಯಂತೆ. ಆಕಾಶದಲ್ಲಿ ಚುಕ್ಕೆ ಮೂಡಿ, ದೊಡ್ಡದಾಗಿ, ಎರಡು ಎಂಜಿನ್ನಿನ ಪುಟಾಣಿ ವಿಮಾನ ಒದ್ದೆ ಮರಳಿಗೆ ಗಾಲಿ ಊರಿ ನೀರು ಚಿಮ್ಮಿಸುತ್ತ ನಮ್ಮತ್ತ ಓಡಿ ಬಂತು. ಅಷ್ಟು ಹೊತ್ತೂ ನಾನು ಬಾಯಿ ಮುಚ್ಚಲೇ ಇಲ್ಲ.

ಪಕ್ಕದ ಸೀಟಿನಲ್ಲಿ ಟೋಪಿ ಹಾಕಿದ ಮುದುಕರೊಬ್ಬರು. ಕಣ್ಣಿನ ತಪಾಸಣೆಗೆ ಹೊರಟಿದ್ದರು. ಟಿಕೆಟ್ ತೆಗೆಸಿದ್ದು ಆರೋಗ್ಯ ಮಂಡಳಿ. ಅದನ್ನು ಅವರು ವಿಶೇಷವೆಂದು ಹೇಳಲಿಲ್ಲ, ನಾನು ಕೇಳಿದೆನೆಂದು ಹೇಳಿದರು. ರೋಗಿ ವಿಮಾನ ಹತ್ತುವುದು ಇಲ್ಲಿ ಹೊಸತಲ್ಲ. 1933ರ ಮೇ 14ರಂದು ಐಲಾ ದ್ವೀಪದ ರೋಗಿಯೊಬ್ಬರನ್ನು ಸಣ್ಣ ವಿಮಾನವೊಂದು ಗ್ಲಾಸ್ಗೋ ಪಕ್ಕದ ರೆನ್‌ಫ್ರೂಗೆ ತಂದಿಳಿಸಿತ್ತು. ಈ ದೇಶದ ವಿಮಾನ ಆಂಬುಲೆನ್ಸಿನ ಕಥೆ ಶುರುವಾದದ್ದು ಆ ಹಾರಾಟದಿಂದ. ನಾವು ಇಳಿಯಬೇಕಾದದ್ದೂ ಅದರ ಹತ್ತಿರದಲ್ಲೇ.

ಗಾಲಿ ಮರಳು ಬಿಟ್ಟಿತು. ಕೆಳಗೆ ನಮ್ಮ ಗೆರೆಗಳು, ಅವುಗಳ ಕಡೆಗೆ ತೆಳ್ಳಗೆ ಹರಿದು ಬರುತ್ತಿದ್ದ ನೀರು. ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಿನಲ್ಲಿ ಗ್ಲಾಸ್ಗೋ. ಬಾಗಿಲ ಬಳಿ ಗಾಲಿಕುರ್ಚಿ ಹಿಡಿದ ಹುಡುಗ ಮುದುಕರ ಹೆಸರು ಕೂಗುತ್ತ ನಿಂತಿದ್ದ. ಅವರು ಕುರ್ಚಿ ಬೇಡವೆಂದರು. ಟೋಪಿ ಸರಿಮಾಡಿಕೊಂಡು, ಕಣ್ಣು ಕಿರಿದು ಮಾಡಿ ಅವನನ್ನು ಕೇಳಿದ್ದು ಒಂದೇ ಮಾತು: "ನಾಳೆ ಬ್ಯಾರಾದಲ್ಲಿ ಇಳಿತ ಎಷ್ಟು ಗಂಟೆಗಪ್ಪಾ?"