ಒಂದು ರಸೀದಿಯ ಸಹಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಯಾವುದನ್ನಾದರೂ ಕುಲುಕಿ ನೋಡುವ ಅಭ್ಯಾಸ ತಾನಾಗಿ ಬಂದಿರುತ್ತದೆ. ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಕಳೆದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಗಿಟುಕು ಗಡಗಡನೆ ಸದ್ದು ಮಾಡಿದರೆ, ನೀರು ಇಂಗಿ ಕೊಬ್ಬರಿ ಸಿದ್ಧವಾಯಿತೆಂದು ಸಂತೋಷಪಡುತ್ತೇವೆ. ಅದೇ ಸದ್ದು ಧ್ವನಿವರ್ಧಕದ ಪೆಟ್ಟಿಗೆಯೊಳಗಿನಿಂದ ಬಂದರೆ ಏನೆಂದು ನನಗೆ ತಿಳಿದದ್ದು 2024ರ ಶ್ರಾವಣದಲ್ಲಿ.

ನಮ್ಮೂರ ಬಸದಿಯ ಹಳೆಯ ಹಾರನ್ನು ಗೊರಗುಟ್ಟಲಾರಂಭಿಸಿ ವರ್ಷಗಳೇ ಆಗಿದ್ದವು. ಭಾದ್ರಪದದ ದಶಲಕ್ಷಣ ಪರ್ವದೊಳಗೆ ಆಂಪ್ಲಿಫೈಯರು, ಮೈಕುಗಳು ಮತ್ತು ಎರಡು ದೊಡ್ಡ ಸ್ಪೀಕರುಗಳನ್ನು ತರಿಸಬೇಕೆಂದು ಸಮಿತಿಯವರು ನಿಶ್ಚಯಿಸಿದರು. ಒಟ್ಟು ವೆಚ್ಚ 1,44,000 ರೂಪಾಯಿ. ಆ ಹಂಗಾಮಿಗೆ ಕೇಂದ್ರ ಸರಕಾರವು ಉಂಡೆ ಕೊಬ್ಬರಿಗೆ ಗೊತ್ತುಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಎಂದರೆ ನಮ್ಮ ಲೆಕ್ಕದಲ್ಲಿ ಹನ್ನೆರಡು ಕ್ವಿಂಟಲ್ ಕೊಬ್ಬರಿ. ಮನೆಮನೆಯಿಂದ ಕೂಡಿದ ಹಣವದು. ವೃದ್ಧ ಶ್ರಾವಕಿಯೊಬ್ಬರು ಒಂದು ಚೀಲ ಕೊಬ್ಬರಿ ಮಾರಿ ಬಂದುದೆಲ್ಲವನ್ನೂ ತಂದುಕೊಟ್ಟಿದ್ದರು. ಲೆಕ್ಕ ಬರೆಯುವ ಹೊಣೆ ನನ್ನದು.

ಬೆಂಗಳೂರಿನ ವ್ಯಾಪಾರಿಗಳು ಕಳುಹಿಸಿದ ಸರಕು ಒಂದು ಸಂಜೆ ಸೋನೆಮಳೆಯಲ್ಲಿ ಬಂದಿಳಿಯಿತು. ಒಂದು ಸ್ಪೀಕರಿನ ರಟ್ಟಿನ ಪೆಟ್ಟಿಗೆಯ ಮೂಲೆ ಜಜ್ಜಿಹೋಗಿತ್ತು. ರಸೀದಿಯ ಮೇಲೆ ಹಾಗೆಂದು ಬರೆಯಲು ನಾನು ಲೇಖನಿ ತೆಗೆದಾಗ ಚಾಲಕನು ಕೈಮುಗಿದು, “ಸ್ವಾಮಿ, ಹಾಗೆ ಬರೆದರೆ ನನ್ನ ಸಂಬಳದಲ್ಲಿ ಹಿಡಿಯುತ್ತಾರೆ. ಒಳಗೆ ಏನೂ ಆಗಿರುವುದಿಲ್ಲ” ಎಂದನು. ನನಗೆ ಕನಿಕರವಾಯಿತು. “ಸುಸ್ಥಿತಿಯಲ್ಲಿ ತಲುಪಿದೆ” ಎಂದು ಬರೆದು ಸಹಿ ಹಾಕಿದೆ. ಬಡವನೊಬ್ಬನಿಗೆ ಉಪಕಾರ ಮಾಡಿದೆನೆಂಬ ಸಮಾಧಾನವೂ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಲಾರಿ ಹೋದ ಬಳಿಕ ನಾನೂ ನನ್ನ ತಮ್ಮನ ಮಗನೂ ಪೆಟ್ಟಿಗೆಗಳನ್ನು ಒಳಗೆ ಸಾಗಿಸಿದೆವು. ಒದ್ದೆಯಾದ ಮೆಟ್ಟಿಲಲ್ಲಿ ಅವನ ಕಾಲು ಜಾರಿ ಎರಡನೆಯ ಸ್ಪೀಕರಿನ ಪೆಟ್ಟಿಗೆ ಒಂದು ಮಗ್ಗುಲಾಗಿ ಕಲ್ಲಿಗೆ ಬಿತ್ತು. ರಟ್ಟು ಹರಿದಿರಲಿಲ್ಲ, ಇಬ್ಬರೂ ಸುಮ್ಮನಾದೆವು.

ಮರುದಿನ ಊರಿನ ಮೆಕ್ಯಾನಿಕರ ಎದುರಿನಲ್ಲಿ ತೆರೆದೆವು. ಮೊದಲನೆಯದರ ಜಾಲರಿ ಒಳಕ್ಕೆ ಅಮುಕಿ ಕಾಗದದ ಕೋನು ಹರಿದಿತ್ತು. ಎರಡನೆಯದರ ಮೇಲೆ ಒಂದು ಗೀರೂ ಇರಲಿಲ್ಲ, ಆದರೆ ನುಡಿಸಿದರೆ ಕರಕರ ಸದ್ದು. ಅವರು ನಾಲ್ಕು ಬೆರಳುಗಳಿಂದ ಕೋನನ್ನು ಮೆಲ್ಲಗೆ ಒತ್ತಿ ನನ್ನ ಕಿವಿಯನ್ನು ಹತ್ತಿರ ತರಿಸಿದರು; ಒಳಗೆ ಏನೋ ಉಜ್ಜುತ್ತಿತ್ತು. ಸ್ಪೀಕರಿನ ಬೆನ್ನಿಗಿರುವ ಆಯಸ್ಕಾಂತವೇ ಅದರ ಅತಿ ಭಾರವಾದ ಅಂಗ. ಪೆಟ್ಟಿಗೆ ಬಿದ್ದು ನಿಂತರೂ ಆ ಭಾರ ತನ್ನ ವೇಗದಲ್ಲಿ ಮುಂದಕ್ಕೆ ಸರಿಯಲೆಳಸುತ್ತದೆ. ತಂತಿಸುರುಳಿಗೂ ಲೋಹಕ್ಕೂ ನಡುವಿನ ಸಂದು ಒಂದು ಮಿಲಿಮೀಟರಿಗೂ ಕಡಿಮೆಯಾದುದರಿಂದ ಕೂದಲೆಳೆಯಷ್ಟು ಸರಿದರೂ ಸುರುಳಿ ಲೋಹಕ್ಕೆ ತಾಗುತ್ತದೆ. ಹೊರಗಿನ ಮರಕ್ಕೆ ಏನೂ ಆಗದೆ ಒಳಗೆ ಕೆಡುವುದು ಹೀಗೆ.

ವ್ಯಾಪಾರಿಗಳಿಗೆ ದೂರವಾಣಿ ಮಾಡಿದೆ. ಮೃದುವಾಗಿ ಮಾತನಾಡಿದರು. “ಸಾಗಣೆಗೆ ವಿಮೆ ಇದೆ. ಎರಡೂ ದಾರಿಯಲ್ಲಿಯೇ ಕೆಟ್ಟವೆಂದೂ, ಹೊರಗಿನಿಂದ ಕಾಣದ ಕಾರಣ ಸಹಿ ಹಾಕಿದಿರೆಂದೂ ಬರೆದುಕೊಡಿ. ಎರಡನ್ನೂ ಬದಲಿಸಿಕೊಡುತ್ತೇವೆ” ಎಂದರು.

ಅಂದು ರಾತ್ರಿ ಸಮಿತಿ ಸೇರಿತು. ವಿಮಾ ಕಂಪನಿಯ ಹಣ, ಯಾರ ಗಂಟು ಹೋಗುತ್ತದೆಂದು ಒಬ್ಬರು ಕೇಳಿದರು. ಪರ್ವಕ್ಕೆ ಹತ್ತೇ ದಿನವೆಂದು ಇನ್ನೊಬ್ಬರು ನೆನಪಿಸಿದರು. ವಕೀಲರಾದ ಸದಸ್ಯರು, 2007ರ ರಸ್ತೆ ಸಾಗಣೆ ಕಾಯ್ದೆಯಂತೆ ಸಾಗಣೆದಾರರ ಮೇಲೆ ದಾವೆ ಹೂಡಬೇಕಾದರೆ ಸರಕು ಬುಕ್ ಆದ 180 ದಿನಗಳೊಳಗೆ ಲಿಖಿತ ನೋಟೀಸು ಕೊಟ್ಟಿರಬೇಕೆಂದು ತಿಳಿಸಿದರು. ಆದರೆ ನೋಟೀಸಿನಲ್ಲಿಯೂ ಏನಾದರೊಂದನ್ನು ಬರೆಯಲೇಬೇಕಷ್ಟೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳ ನಡುವೆ ಕೂಟಲೇಖಕ್ರಿಯೆ ಎಂಬುದೊಂದಿದೆ. ಸುಳ್ಳು ಪತ್ರ ಬರೆಯುವುದು. ಅದು ಖೋಟಾ ಕ್ರಯಪತ್ರ ಮಾಡುವವರಿಗೆ ಸಂಬಂಧಿಸಿದ್ದೆಂದು ಇಷ್ಟು ವರ್ಷ ತಿಳಿದಿದ್ದೆ. ಕೇಳಿದ ಪತ್ರವನ್ನು ಬರೆಯಲಾರೆನೆಂದು ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾದುದು ಬೇರೆ: ನಾನು ಆಗಲೇ ಒಂದನ್ನು ಬರೆದಾಗಿತ್ತು. ಜಜ್ಜಿದ ಮೂಲೆಯನ್ನು ಕಣ್ಣಾರೆ ಕಂಡು “ಸುಸ್ಥಿತಿ” ಎಂದವನು ನಾನೇ. ಅದನ್ನು ದಯೆಯೆಂದು ಕರೆದುಕೊಂಡಿದ್ದೆ. ಆ ದಯೆಗೆ ಹಣ ತೆತ್ತವರು ಯಾರು? ಕೊಬ್ಬರಿ ಮಾರಿದ ಆ ತಾಯಿ. ನಿಜವಾಗಿ ಕನಿಕರವಿದ್ದಿದ್ದರೆ ಕಂಡದ್ದನ್ನು ಬರೆದು, ಚಾಲಕನ ತಪ್ಪೆಂದು ಹೇಳಲಾಗದೆಂಬ ಒಂದು ಸಾಲನ್ನೂ ಸೇರಿಸಿ, ಅವನ ಕೈಗೆ ನನ್ನ ಜೇಬಿನಿಂದ ಐನೂರು ರೂಪಾಯಿ ಕೊಡಬಹುದಾಗಿತ್ತು. ಆಗ ಅದು ಹೊಳೆಯಲೇ ಇಲ್ಲ.

ಸಭೆಯಲ್ಲಿ ಎರಡನ್ನೂ ಹೇಳಿದೆ, ಮೆಟ್ಟಿಲಿನ ಸಂಗತಿಯನ್ನೂ ರಸೀದಿಯ ಸಂಗತಿಯನ್ನೂ. ತಮ್ಮನ ಮಗ ತಲೆ ತಗ್ಗಿಸಿ ಕುಳಿತಿದ್ದ. ಪತ್ರದಲ್ಲಿ ನಡೆದದ್ದು ನಡೆದ ಹಾಗೆಯೇ ಹೋಯಿತು: ಮೊದಲನೆಯದರ ಪೆಟ್ಟಿಗೆ ಜಜ್ಜಿಯೇ ಬಂದಿತ್ತು, ಕಂಡೂ ಸಹಿ ಹಾಕಿದೆ, ಎರಡನೆಯದು ನಮ್ಮ ಕೈಯಿಂದ ಬಿದ್ದಿತು. ಆರು ವಾರಗಳ ಮೇಲೆ ಉತ್ತರ ಬಂದಿತು. ಸುಸ್ಥಿತಿಯ ರಸೀದಿಯನ್ನೇ ಮುಂದಿಟ್ಟು ವಿಮಾದಾರರು ಬೇಡಿಕೆಯನ್ನು ತಳ್ಳಿಹಾಕಿದ್ದರು. ನಾನು ಅದನ್ನು ಅನ್ಯಾಯವೆನ್ನಲಾರೆ. ಮೊದಲನೆಯದರ ಬೆಲೆಯನ್ನು ನಾನು ತುಂಬಿದೆ. ಎರಡನೆಯದರ ಆಯಸ್ಕಾಂತವನ್ನು ಮೆಕ್ಯಾನಿಕರು ಬಿಚ್ಚಿ, ಸಂದಿನಲ್ಲಿ ತೆಳುಪಟ್ಟಿಗಳನ್ನಿಟ್ಟು ನಡುವಿಗೆ ತಂದು ಕೂಡಿಸಿದರು. ಆ ವರ್ಷದ ಪರ್ವ ಹಳೆಯ ಹಾರನ್ನಿನಲ್ಲಿಯೇ ನಡೆಯಿತು. ಸಮಿತಿಯ ಒಬ್ಬ ಹಿರಿಯರು ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ.

ಬಸದಿಗಳಿಗೆ ಇಂಥ ಸಾಮಗ್ರಿ ತರಿಸುವ ಟ್ರಸ್ಟಿನವರು ಲಾರಿಯ ಮೇಲಿರುವಾಗಲೇ ಪೆಟ್ಟಿಗೆಗಳ ಛಾಯಾಚಿತ್ರ ತೆಗೆಯಲಿ. ಕಂಡದ್ದನ್ನು ರಸೀದಿಯ ಎರಡೂ ಪ್ರತಿಗಳಲ್ಲಿ ಬರೆಯಲಿ. ನುಡಿಸಿ ನೋಡುವವರೆಗೆ ರಟ್ಟನ್ನೂ ಥರ್ಮೋಕೋಲನ್ನೂ ಎಸೆಯದಿರಲಿ. ಮಳೆಯಿದ್ದರೆ ಮೆಟ್ಟಿಲಿಗೆ ಗೋಣಿ ಹಾಸಲಿ.

ಆ ವೃದ್ಧ ಶ್ರಾವಕಿಗೆ ನಾನೇ ಹೋಗಿ ಎಲ್ಲವನ್ನೂ ತಿಳಿಸಿದೆ. ತಮ್ಮ ಚೀಲದ ಹಣ ಯಾವ ಪೆಟ್ಟಿಗೆಗೆ ಹೋಯಿತೆಂದು ಕೇಳಿದರು. ಅದನ್ನು ಬೇರ್ಪಡಿಸಿ ಹೇಳಲಾಗದೆಂದೆ. ಮರುವರ್ಷದ ಪರ್ವದಲ್ಲಿ ಅವರು ದುರಸ್ತಿಯಾದ ಸ್ಪೀಕರಿನ ಎದುರಿಗೆ ಕುಳಿತಿದ್ದರು. ಪ್ರವಚನ ಮುಗಿದ ಮೇಲೆ, ಈ ಕಡೆಯದು ಸ್ವಲ್ಪ ಮೆತ್ತಗೆ ಕೇಳಿಸುತ್ತದೆ, ನೋಡಿಸಿ ಎಂದರು.