ನೋಡಿ ಬಂದವರ ಮಾತು

ಸಿನಿಮಾ ನೋಡಿ ಬಂದವರನ್ನು ಅದೇ ದಿನ ಮಾತಾಡಿಸಬೇಕು. ಎರಡು ದಿನ ಬಿಟ್ಟರೆ ಅವರ ಅಭಿಪ್ರಾಯದೊಳಗೆ ಪತ್ರಿಕೆಯ ವಿಮರ್ಶೆ, ಯಾರೋ ಕೊಟ್ಟ ನಕ್ಷತ್ರ, ಭಾವಮೈದುನನ ವಾದ ಎಲ್ಲ ಬಂದು ಕೂತಿರುತ್ತವೆ. ಕತ್ತಲಿನಿಂದ ಹೊರಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತವರ ಮೊದಲ ಮಾತಿನ ರುಚಿಯೇ ಬೇರೆ.

ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಸಾಲುಸಾಲಾಗಿ ಚಿತ್ರಮಂದಿರಗಳಿದ್ದ ಕಾಲದಲ್ಲಿ ಈ ಮೊದಲ ಮಾತು ಗೇಟಿನ ಬಳಿಯೇ ಸಿಗುತ್ತಿತ್ತು. ಮ್ಯಾಟಿನಿ ಬಿಡುವ ಹೊತ್ತಿಗೆ ಮೊದಲನೇ ಆಟದ ಸಾಲು ಹೊರಗೆ ಬೆಳೆದಿರುತ್ತಿತ್ತು. ಬಂದವರು ಯಾರೋ, ನಿಂತವರು ಯಾರೋ. ಆದರೂ 'ಹೆಂಗೈತೆ ಗುರು?' ಎಂದು ಕೇಳುವುದಕ್ಕೆ ಯಾರಿಗೂ ಸಂಕೋಚ ಇರಲಿಲ್ಲ. 'ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಎಳ್ದವ್ನೆ' ಎಂಬ ಉತ್ತರ ನಡೆಯುತ್ತಲೇ ಬರುತ್ತಿತ್ತು. ಏನೂ ಹೇಳದೆ ಕಣ್ಣೊರೆಸಿಕೊಂಡು ಹೋಗುವ ಹೆಂಗಸರನ್ನು ಕಂಡರಂತೂ ಸಾಲಿನಲ್ಲಿ ನಿಂತವರು ಟಿಕೆಟ್ಟಿನ ದುಡ್ಡನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಅಲ್ಲೇ ಹತ್ತಿರವಿದ್ದ ಹಳೆಯ ಕಪಾಲಿ ಚಿತ್ರಮಂದಿರ ಈಗಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಒಳಗೆ ಹೋಗುವ ಬಾಗಿಲು ಬೇರೆ, ಹೊರಗೆ ಬರುವ ಬಾಗಿಲು ಬೇರೆ. ಆಟ ಮುಗಿದವರು ಹಿಂದಿನ ಮೆಟ್ಟಿಲಿಳಿದು ನೇರವಾಗಿ ಕಾರು ನಿಲ್ಲಿಸಿದ ಕಡೆ ಹೋಗುತ್ತಾರೆ. ನೋಡಿದವರೂ ನೋಡಬೇಕಾದವರೂ ಎದುರುಬದುರಾಗುವುದೇ ಇಲ್ಲ. ಕನ್ನಡ ಸಿನಿಮಾಕ್ಕೆ ಆದ ನಷ್ಟಗಳಲ್ಲಿ ಇದನ್ನೂ ಒಂದಾಗಿ ಲೆಕ್ಕಕ್ಕೆ ಹಿಡಿಯಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಆದ್ದರಿಂದ ಈಚೆಗೆ ನೋಡಿದ, ಕೆಲವನ್ನು ಮತ್ತೆ ನೋಡಿದ ಚಿತ್ರಗಳ ಬಗ್ಗೆ ಆ ಗೇಟಿನ ಬಳಿ ನಿಂತೇ ಹೇಳುತ್ತೇನೆ.

ಮೊದಲು 'ಶಿವಮ್ಮ ಯರೇಹಂಚಿನಾಳ'. ಜೈಶಂಕರ್ ಆರ್ಯರ್ ನಿರ್ದೇಶನ. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನ್‌ನಲ್ಲಿ. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಊರು. ಅಲ್ಲಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ, ಶಕ್ತಿ ಬರಿಸುತ್ತದೆ ಎಂದು ಹೇಳುವ ಪುಡಿಯೊಂದರ ಚೈನ್ ಮಾರ್ಕೆಟಿಂಗಿಗೆ ಇಳಿಯುತ್ತಾಳೆ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಮದುವೆಯಾಗಬೇಕಾದ ಮಗಳು, ಸಿಟ್ಟಾಗುವ ಮಗ. ಶಿವಮ್ಮನ ಪಾತ್ರ ಮಾಡಿರುವ ಶರಣಮ್ಮ ಚಟ್ಟಿಯವರ ಮುಖ ನೋಡಬೇಕು! ಹಟ, ಆಸೆ, ಲೆಕ್ಕಾಚಾರ, ಗಂಡ ಎದ್ದು ಕೂತಾನೆಂಬ ನಂಬಿಕೆ, ಎಲ್ಲವೂ ಒಂದೇ ಮುಖದಲ್ಲಿ. ಇಂಥ ಕಥೆಯಲ್ಲಿ ನಿರ್ದೇಶಕ ಎರಡು ಕಡೆ ಜಾರಬಹುದಿತ್ತು: ಆಕೆಯನ್ನು ನೋಡಿ ನಗಿಸಬಹುದಿತ್ತು, ಇಲ್ಲವೆ ಅಯ್ಯೋ ಪಾಪ ಅನ್ನಿಸಬಹುದಿತ್ತು. ಜೈಶಂಕರ್ ಎರಡನ್ನೂ ಮಾಡದೆ ಆಕೆಯ ಹಿಂದೆಯೇ ನಡೆಯುತ್ತಾರೆ, ಮನೆಯಿಂದ ಮನೆಗೆ, ಓಣಿಯಿಂದ ಓಣಿಗೆ.

ನಮ್ಮಲ್ಲಿ ಯಾರ ಮನೆಗೆ ಇಂಥ ಡಬ್ಬಿ ಬಂದಿಲ್ಲ? ಬಹಳ ದಿನ ಕಾಣದಿದ್ದ ನೆಂಟರೊಬ್ಬರು ಇದ್ದಕ್ಕಿದ್ದಂತೆ ಬರುತ್ತಾರೆ. ಮಕ್ಕಳ ಓದು, ಮಳೆ ಬೆಳೆ ವಿಚಾರಿಸುತ್ತಾರೆ. ಕಾಫಿ ಕುಡಿದ ಲೋಟ ಕೆಳಗಿಟ್ಟ ಮೇಲೆ ಚೀಲದಿಂದ ಒಂದು ಹಾಳೆ ಹೊರಬರುತ್ತದೆ. ಅದರಲ್ಲಿ ಸೊನ್ನೆಗಳು: ನಿಮ್ಮ ಕೆಳಗೆ ಇಬ್ಬರು, ಅವರ ಕೆಳಗೆ ನಾಲ್ವರು, ಆಮೇಲೆ ಎಂಟು. ಅವರ ಕಣ್ಣಿನಲ್ಲಿ ಹೊಸ ಮನೆಯ ಪಾಯ ಆಗಲೇ ಎದ್ದಿರುತ್ತದೆ. ನಾವು ಅವರನ್ನು ಹೇಗೆ ಸಾಗಹಾಕುವುದು ಎಂದಷ್ಟೇ ಯೋಚಿಸಿರುತ್ತೇವೆ. ಅವರು ಮನೆಗೆ ಹೋದ ಮೇಲೆ ಅಲ್ಲಿ ಏನಾಗುತ್ತದೆ ಎಂಬುದನ್ನು ಈ ಚಿತ್ರ ತೋರಿಸಿತು. ಅಂಥ ನೆಂಟರಿರುವ ಎಲ್ಲರಿಗೂ ನಾನು ಇದನ್ನು ಹೇಳುತ್ತಾ ಬಂದಿದ್ದೇನೆ. ಪರಿಚಯದ ಅಂಗನವಾಡಿ ಟೀಚರೊಬ್ಬರು ನೋಡಿ, 'ನಮ್ಮ ಓಣ್ಯಾಗಿನ ಮಂದೀನ ಯಾರೋ ಕದ್ದು ಫೋಟೋ ಹಿಡದಂಗೈತ್ರಿ' ಎಂದರು. ಅದಕ್ಕಿಂತ ಒಳ್ಳೆಯ ವಿಮರ್ಶೆ ನನ್ನಿಂದ ಸಾಧ್ಯವಿಲ್ಲ.

ಇಷ್ಟು ಹೇಳಿ ಕೊನೆ ಹೇಳದೆ ನಿಲ್ಲಿಸಿದ್ದೇನೆ. ಈಗ ಅದೇ ರೂಢಿ. ಆದರೆ ನಮ್ಮ ಸೋದರತ್ತೆ ಇದ್ದರು, ಅಕ್ಕಿ ಆರಿಸುತ್ತಾ ಟೈಟಲಿನಿಂದ ಹಿಡಿದು ಶುಭಂವರೆಗೆ ಇಡೀ ಸಿನಿಮಾ ಹೇಳುತ್ತಿದ್ದರು. ಹಾಡು ಬಂದ ಕಡೆ ಹಾಡು, ನಾಯಕಿ ಅತ್ತ ಕಡೆ ಸೆರಗು ಕಣ್ಣಿಗೆ. ಕೇಳಿದವರಲ್ಲಿ ಒಬ್ಬರೂ 'ಕಥೆ ಗೊತ್ತಾಯಿತಲ್ಲ' ಎಂದು ಮನೆಯಲ್ಲಿ ಉಳಿದದ್ದನ್ನು ನಾನು ಕಂಡಿಲ್ಲ. ಮಾರನೆಯ ದಿನವೇ ಹೊರಟುಬಿಡುತ್ತಿದ್ದರು. ಯಕ್ಷಗಾನಕ್ಕೆ ರಾತ್ರಿಯಿಡೀ ಕೂರುವವರಿಗೆ ಅಭಿಮನ್ಯು ಸಾಯುತ್ತಾನೆಂದು ತಿಳಿಯದೇ? ಇವತ್ತಿನ ವೇಷಧಾರಿ ಹೇಗೆ ಚಕ್ರವ್ಯೂಹ ಹೊಗುತ್ತಾನೆ ಎಂದು ನೋಡಲು ಕೂರುತ್ತಾರೆ. ಒಳ್ಳೆಯ ಸಿನಿಮಾ ಕಥೆ ಗೊತ್ತಿದ್ದವರನ್ನೂ ಕೂರಿಸಿಕೊಳ್ಳುತ್ತದೆ ಎಂಬುದು ಅತ್ತೆ ಕಲಿಸಿದ ಪಾಠ.

ಆ ಪಾಠ ನೆನಪಾದದ್ದು 'ಘಟಶ್ರಾದ್ಧ'ವನ್ನು ಮತ್ತೆ ನೋಡುವಾಗ. ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977ರದು, ಸ್ವರ್ಣಕಮಲ ಪಡೆದದ್ದು. ಅದರ ಪುನರುಜ್ಜೀವನಗೊಂಡ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಆ ಕಥೆಯ ಯಮುನಕ್ಕನಿಗೆ ಏನಾಗುತ್ತದೆ ಎಂಬುದು ಕನ್ನಡ ಓದುಗರಿಗೆಲ್ಲ ಗೊತ್ತು. ಹಾಗಿದ್ದೂ ಎಸ್. ರಾಮಚಂದ್ರ ಅವರ ಕ್ಯಾಮೆರಾ ವೇದಪಾಠಶಾಲೆಯ ಹುಡುಗ ನಾಣಿಯ ಎತ್ತರಕ್ಕೆ ಬಗ್ಗಿ ದೊಡ್ಡವರನ್ನು ನೋಡತೊಡಗಿದಾಗ ಎದೆ ಹಿಡಿದಂತಾಗುತ್ತದೆ. ಪೂರ್ತಿ ಅರ್ಥವಾಗದವನ ಕಣ್ಣಿಗೆ ಕ್ರೌರ್ಯ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ನಾಣಿಯ ಪಕ್ಕದಲ್ಲಿ ನಾನು ಇನ್ನೊಬ್ಬ ಹುಡುಗನನ್ನು ಕೂರಿಸುತ್ತೇನೆ: ಸುಮಂತ್ ಭಟ್ ಅವರ 'ಮಿಥ್ಯ'ದ ಮಿಥುನ್. 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಚಿತ್ರ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದರ ಹುಡುಗ ಮುಂಬಯಿಯಿಂದ ಉಡುಪಿಯ ಕಡೆಯ ನೆಂಟರ ಮನೆಗೆ ಬರುತ್ತಾನೆ. ಆತಿಶ್ ಶೆಟ್ಟಿ ಎಂಬ ಬಾಲಕ ಈ ದುಃಖವನ್ನು ಅಳದೆ ಅಭಿನಯಿಸಿದ್ದಾನೆ. ದೊಡ್ಡವರು ಒಳಕೋಣೆಯಲ್ಲಿ ದನಿ ತಗ್ಗಿಸಿ ಆಡುವ ಮಾತು ಮಕ್ಕಳ ಕಿವಿಗೆ ಬೀಳುವುದಿಲ್ಲವೆಂದು ನಂಬಿದವರು ಇದನ್ನು ನೋಡಲೇಬೇಕು. ಆದರೆ ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಸ್ವಲ್ಪ ಕಾಲ ತಡೆಯಿರಿ ಎಂದೂ ಹೇಳುತ್ತೇನೆ. ಸಿನಿಮಾ ಎಷ್ಟೇ ಒಳ್ಳೆಯದಿರಲಿ, ಯಾರಿಗೆ ಯಾವಾಗ ಹೇಳಬೇಕೆಂಬ ಎಚ್ಚರ ಹೇಳುವವರಿಗೆ ಬೇಕು.

ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ಅಪ್ಪನಿರುವ ಬೆಂಗಳೂರಿಗೆ ಬಂದು ಲಾಕ್‌ಡೌನಿಗೆ ಸಿಕ್ಕಿಬೀಳುವ ಹುಡುಗನ ಕಥೆ, ಉತ್ಸವ್ ಗೋನವಾರ ಅವರ 'ಫೋಟೋ'ವನ್ನೂ ಹುಡುಕಿ ನೋಡಿ. 2020ರಲ್ಲಿ ವಲಸೆ ಕಾರ್ಮಿಕರು ಊರಿನ ಕಡೆಗೆ ನಡೆದ ಆ ನಡಿಗೆಯನ್ನು ನಾವು ಬೇಗ ಮರೆತೆವು.

ಎಲ್ಲವೂ ಎದೆ ಭಾರ ಮಾಡುವವೇ ಎಂದು ಯಾರಾದರೂ ಮುನಿದರೆ 'ಸು ಫ್ರಮ್ ಸೋ' ಇದೆ. ಜೆ.ಪಿ. ತೂಮಿನಾಡು ಬರೆದು, ನಿರ್ದೇಶಿಸಿ, ನಟಿಸಿದ ಕರಾವಳಿಯ ಹಾಸ್ಯ. ಸೋಮೇಶ್ವರದ ಸುಲೋಚನ ಮೈಮೇಲೆ ಬಂದಳೆಂದು ಒಬ್ಬ ಹೂಡುವ ನಾಟಕಕ್ಕೆ ಇಡೀ ಊರೇ ಕುಣಿಯುತ್ತದೆ. ನಗುನಗುತ್ತಲೇ, ಒಂಟಿ ಹೆಂಗಸಿನ ಬಗ್ಗೆ ಊರು ಆಡುವ ಮಾತಿನ ಕಡೆಗೂ ಅದು ಕೈ ತೋರಿಸುತ್ತದೆ. 2025ರ ಜುಲೈನಲ್ಲಿ ದೊಡ್ಡ ತಾರೆಯರ ಅಬ್ಬರವಿಲ್ಲದೆ ಬಂದ ಈ ಚಿತ್ರಕ್ಕೆ ಕೆಲವೇ ದಿನಗಳಲ್ಲಿ ಪ್ರದರ್ಶನಗಳು ಹೆಚ್ಚಿದವು. ನೋಡಿದವರು ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಿದರು, ಅವರು ಕುಟುಂಬ ಸಮೇತ ಬಂದರು. ಗೇಟಿನ ಬಳಿಯ ಆ ಹಳೆಯ ಮಾತಿಗೆ ಇನ್ನೂ ಬಲವಿದೆ ಎಂದು ಆ ಮಳೆಗಾಲದಲ್ಲಿ ನನಗೆ ಖಾತ್ರಿಯಾಯಿತು.

ಆದರೆ ಹೀಗೆ ಮಾತು ಹರಡಲು ಬೇಕಾದಷ್ಟು ಕಾಲಾವಕಾಶ ಎಲ್ಲ ಚಿತ್ರಗಳಿಗೂ ಸಿಗುವುದಿಲ್ಲ. ಸಣ್ಣ ಕನ್ನಡ ಚಿತ್ರ ಶುಕ್ರವಾರ ಬರುತ್ತದೆ. ಸಿಗುವುದು ಬೆಳಗಿನದೋ ಮಧ್ಯಾಹ್ನದ್ದೋ ಒಂದು ಆಟ, ಕೆಲಸಕ್ಕೆ ಹೋಗುವವರಿಗೆ ಒಗ್ಗದ ಹೊತ್ತು. ಭಾನುವಾರದೊಳಗೆ ಜನ ಬಾರದಿದ್ದರೆ ಸೋಮವಾರ ಆ ಪರದೆಯ ಮೇಲೆ ಬೇರೆ ಚಿತ್ರ. 'ಒಟಿಟಿಗೆ ಬಂದಾಗ ನೋಡೋಣ ಬಿಡಿ' ಎನ್ನುವವರಿಗೆ ನಾನು ಹೇಳುವುದಿಷ್ಟೆ: ಎಷ್ಟೋ ಕನ್ನಡ ಚಿತ್ರಗಳು ಅಲ್ಲಿಗೆ ಬರುವುದೇ ಇಲ್ಲ, ಬಂದರೂ ವರ್ಷ ಹಿಡಿಯುತ್ತದೆ. ಹಾಗಾಗಿ ಸಣ್ಣ ಚಿತ್ರ ಬಂದಾಗ ಮೊದಲ ಮೂರು ದಿನದೊಳಗೇ ಹೋಗಿ. ಹಿಡಿಸಿದರೆ ಅದೇ ಸಂಜೆ ಯಾರಾದರೂ ಒಬ್ಬರಿಗೆ ಫೋನು ಮಾಡಿ, ಯಾಕೆ ಹಿಡಿಸಿತೆಂದು ಹೇಳಿ.