ದೋಣಿ ಬೇಡದ ಡೈವ್

ಮುಳುಗಿದ ಹಡಗು ನೋಡಲು ದೋಣಿ ಹತ್ತಿ ನಡುಗಡಲಿಗೆ ಹೋಗಲೇಬೇಕೆಂದಿಲ್ಲ. ಬಾಲಿಯ ಈಶಾನ್ಯ ತೀರದ ತುಲಾಂಬೆನ್‌ನಲ್ಲಿ ದಡದಿಂದ ನೀರಿಗಿಳಿದು ಸ್ವಲ್ಪ ದೂರ ಈಜಿದರೆ ಸಾಕು, ಅಮೆರಿಕದ ಸರಕು ಹಡಗು ‘ಲಿಬರ್ಟಿ’ ಎದುರಾಗುತ್ತದೆ.

1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಟಾರ್ಪೆಡೊ ಏಟು ತಿಂದ ಈ ಹಡಗನ್ನು ಎಳೆದು ತಂದು ಇಲ್ಲಿ ದಡ ಹತ್ತಿಸಿದ್ದರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಮತ್ತೆ ಕಡಲಿಗೆ ಜಾರಿತು. ಈಗ ಅದರ ಮೇಲ್ತುದಿ ಸುಮಾರು 5 ಮೀಟರ್ ಆಳದಲ್ಲಿದ್ದರೆ, ಬುಡ 30 ಮೀಟರ್ ಆಸುಪಾಸಿನಲ್ಲಿದೆ. ಹಾಗಾಗಿ ಸ್ನಾರ್ಕೆಲ್ ಹಾಕಿದವರು ತೇಲುತ್ತಲೇ ಹವಳ, ಮೀನುಗಳನ್ನು ನೋಡಬಹುದು; ಹೊಸ ಡೈವರುಗಳು 18 ಮೀಟರಿನ ತಮ್ಮ ಮಿತಿಯೊಳಗೇ ಸುತ್ತಾಡಬಹುದು.

ಕಷ್ಟವಿರುವುದು ದಡದಲ್ಲೇ. ಮೆತ್ತನೆಯ ಮರಳಲ್ಲ, ಕಾಲಡಿ ಉರುಳುವ ದುಂಡುಗಲ್ಲುಗಳು. ಅವುಗಳ ಮೇಲೆಯೇ ಊರಿನ ಹೆಂಗಸರು ಸಿಲಿಂಡರುಗಳನ್ನು ತಲೆಯ ಮೇಲೆ ಹೊತ್ತು ಸಲೀಸಾಗಿ ನಡೆಯುತ್ತಾರೆ.

ನಮ್ಮ ನೇತ್ರಾಣಿ ದ್ವೀಪಕ್ಕಾದರೆ ಮುರ್ಡೇಶ್ವರದಿಂದ ದೋಣಿಯೇ ಗತಿ. ಅಲೆಯ ಮೇಲಿನ ಪಯಣಕ್ಕೆ ಹೊಟ್ಟೆ ತೊಳಸುವವರಿಗೆ ತುಲಾಂಬೆನ್ ಹೇಳಿಮಾಡಿಸಿದ ಜಾಗ. ಹೋಗುವವರು ಗಟ್ಟಿ ಅಟ್ಟೆಯ ಬೂಟು ಮರೆಯಬೇಡಿ. ಕಿವಿ ನೋಯತೊಡಗಿದರೆ ಇಳಿಯುವುದನ್ನು ನಿಲ್ಲಿಸಿ, ತುಸು ಮೇಲೇರಿ, ಜೊತೆಗಾರರಿಗೆ ಸನ್ನೆ ಮಾಡಿ.